ಲೈನ್ ಕ್ಲಿಯರ್

ಕಂಬ ಹತ್ತುವ ಮೊದಲು ಎಲ್.ಸಿ. ತಗೋಬೇಕು ಮೇಡಂ,
ಅಂದಿದ್ದ ಗುತ್ಯಪ್ಪ, ಸಾಗರ ಸೆಕ್ಷನ್ನಿನ ಲೈನ್‌ಮನ್,
ಶಿವಮೊಗ್ಗದ ಕೋರ್ಟು ಕಾಂಪೌಂಡಿನಲ್ಲಿ
ನನ್ನ ಟೈಪ್ ಮಿಷನ್ನಿನ ಎದುರು ಕೂತು.
ನಾಲಿಗೆ ಆಗಿನ್ನೂ ಅರ್ಧ ಅವನ ಮಾತು ಕೇಳುತ್ತಿತ್ತು,
ಬೆರಳು ಕೇಳುತ್ತಿರಲಿಲ್ಲ.
ಸ್ಟೇಷನ್ನಿನವ ಸ್ವಿಚ್ ಎಳೆದು, ಪುಸ್ತಕದಲ್ಲಿ ಬರೆದು,
ಲೈನ್ ಸತ್ತಿದೆ ಅಂದ ಮೇಲೇ ಕಾಲು ಮೇಲೆ.
ಕೆಲಸ ಮುಗಿದರೆ ಎಲ್.ಸಿ. ವಾಪಸು.
ಇದೊಂದನ್ನ ವಾಪಸು ಕೊಡಲ್ಲ, ಬರ್ಕೊಳ್ಳಿ.

ಬರೆದುಕೊಂಡೆ. ಗಂಟಲಿಗೆ ತೂತು ಬೇಡ, ಉಸಿರಿನ ಯಂತ್ರ ಬೇಡ,
ಹಾಕಿದ್ದರೆ ತೆಗೆಯಿರಿ.
ಸಾಕ್ಷಿಗೆ ಚಹದಂಗಡಿಯ ಖಾದರ್ ಬಾಷಾ,
ಸ್ಟಾಂಪು ಮಾರುವ ನಾಗೋಜಿರಾಯರು.
ಹೆಂಡತಿ ಚೌಡಮ್ಮ ಅವನ ಹೆಬ್ಬೆಟ್ಟು ಹಿಡಿದು ಒತ್ತಿಸಿದಳು.
ನೋಟರಿ ಮೊಹರು. ಪಾಲಿಕೆಗೊಂದು ಪ್ರತಿ.
ಹಾಳೆಗೆ ಇಪ್ಪತ್ತರಂತೆ ನಲವತ್ತು.

ಈಗ ದೊಡ್ಡಾಸ್ಪತ್ರೆಯ ಎರಡನೇ ಮಹಡಿ.
ಒಂದು ರಾತ್ರಿ ಉಸಿರು ಸಿಕ್ಕಿಕೊಂಡು, ಪತ್ರ ಹುಡುಕುವಷ್ಟರಲ್ಲಿ
ಟ್ಯೂಬು ಇಳಿದಾಗಿತ್ತು.
ಹಾಕುವುದಕ್ಕೆ ಒಬ್ಬ ಡಾಕ್ಟರು ಸಾಕು.
ತೆಗೆಯುವುದಕ್ಕೆ ಮೂವರು, ಅವರ ಮೇಲೆ ಮತ್ತೆ ಮೂವರು,
ಆ ಎರಡನೇ ಮೂವರಲ್ಲಿ ಒಬ್ಬರ ಹೆಸರು ಇನ್ನೂ ಬರಬೇಕು.
ಬೆಂಗಳೂರಿನ ಸುತ್ತೋಲೆ ಆಗಬಹುದು ಅನ್ನುತ್ತದೆ.
ದಿಲ್ಲಿಯ ಕರಡು, ನಾನು ಬರೀ ಕರಡು ಅನ್ನುತ್ತದೆ.
ಜಿಲ್ಲೆಯ ಸಾಹೇಬರು ಎರಡಕ್ಕೂ ಕೈಮುಗಿದು
‘ಸ್ಪಷ್ಟನೆ ಕೋರಿದೆ’ ಎಂದು ಷರಾ ಹಾಕಿದ್ದಾರೆ.

ಮೂವತ್ತು ವರ್ಷ ವಕೀಲರ ಹಾಳೆ ಹೊಡೆದವಳಿಗೆ ಇಷ್ಟು ಗೊತ್ತು:
ಆಸ್ಪತ್ರೆ ರಾಜ್ಯದ ಪಟ್ಟಿ. ಸ್ಮಶಾನವೂ ರಾಜ್ಯದ್ದೇ.
ಅಪರಾಧ ಇಬ್ಬರದೂ. ಕರೆಂಟೂ ಇಬ್ಬರದೂ,
ಶರಾವತಿ ಇಲ್ಲಿ ಬೀಳುತ್ತಾಳೆ, ದೀಪ ಎಲ್ಲೋ ಹತ್ತುತ್ತದೆ.
ಮಂಚದಿಂದ ತುಂಗೆಯ ದಡದ ಕಟ್ಟಿಗೆಯವರೆಗೆ
ನಡುವೆ ಒಂದು ಉಸಿರಿದೆಯಲ್ಲ,
ಅದು ಯಾವ ಪಟ್ಟಿ?
ನಾಗೋಜಿರಾಯರು ಸ್ಟಾಂಪು ಎಣಿಸುತ್ತಲೇ ಹೇಳಿದರು,
ಹೆಸರಿಲ್ಲದ್ದೆಲ್ಲ ದಿಲ್ಲಿಗಂತೆ ತಾಯಿ.

ಮೊನ್ನೆ ಸಂಜೆ ವಾರ್ಡಿನಲ್ಲಿ ಕರೆಂಟು ಹೋಯಿತು.
ಯಂತ್ರ ತನ್ನ ಬ್ಯಾಟರಿಯ ಮೇಲೆ ಕೀಚ್ ಕೀಚ್ ಎಂದು ದೂರಿತು.
ಜನರೇಟರು ಏಳುವಷ್ಟರಲ್ಲಿ ಚೌಡಮ್ಮ ಹನ್ನೊಂದು ಎಣಿಸಿದಳಂತೆ.
ಕಣ್ಣು ಬಿಟ್ಕೊಂಡು ಟ್ಯೂಬ್‌ಲೈಟೇ ನೋಡ್ತಿದ್ರು ಮೇಡಂ.
ಯಾವ ಫೀಡರು ಟ್ರಿಪ್ಪಾಯ್ತು ಅಂತ ಲೆಕ್ಕ ಹಾಕ್ತಿದ್ರು, ನಂಗೊತ್ತು.

ವಾಪಸು ಬರದಿರಲಿ ಅಂತ ಬೇಡ್ಕೊಂಡ್ರಾ?
ಕೇಳಬಾರದಿತ್ತು. ಕೇಳಿದೆ.
ಹತ್ತರ ತನಕ ಬೇಡ್ಕೊಂಡೆ, ಅಂದಳು.
ಹನ್ನೊಂದಕ್ಕೆ ಹೆದ್ರಿಕೆ ಆಯ್ತು.

ಇವತ್ತು ನಾಲ್ಕನೇ ಜ್ಞಾಪನ ಪತ್ರ.
ಒಂದು ಪ್ರತಿ ಬೆಂಗಳೂರಿಗೆ, ಒಂದು ದಿಲ್ಲಿಗೆ,
ಕಾರ್ಬನ್ ತೆಳ್ಳಗಾಗಿ ದಿಲ್ಲಿಯ ಅಕ್ಷರ ಮಸುಕು.
ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಇಟ್ಟಳು.
ಇರಲಿ ಬಿಡಿ, ಆಮೇಲೆ ಕೊಡಿ, ಅಂದೆ.
ತಗೊಳ್ಳಿ ಮೇಡಂ, ಅಂದಳು,
ಬಾಕಿ ಇಟ್ಟವರ ಲೈನು ಅವರೇ ಹೋಗಿ ಕಡೀತಿದ್ರು.