ಅಕ್ಕನ ಚಿನ್ನ

ಗಾದೆಯೊಂದು ನಮ್ಮ ಹೊಸ್ತಿಲ ಮೇಲೇ ಕೂತಿದೆ
ತಲೆಮಾರುಗಳಿಂದ, ಬಾಡಿಗೆ ಕೊಡದೆ:
ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ.
ಅದನ್ನು ದಾಟಿಕೊಂಡೇ ಬಂದಳು ಮೋನಕ್ಕ
ಚೌಕಿಪೇಟೆಯ ಈ ಆರಡಿ ಅಂಗಡಿಗೆ,
ಚಪ್ಪಲಿ ಬಿಟ್ಟು, ಸೆರಗಿನ ಗಂಟು ಬಿಚ್ಚುತ್ತ.

ಗಂಟಿನಲ್ಲಿ ಎರಡೇ ಸಾಮಾನು.
ಅವ್ವನದೊಂದು ಬುಗುಡಿ. ಅದರ ಜೋಡಿ
ಯಾವ ಅಡವಿನಂಗಡಿ ದಾಟಿ ಯಾರ ಕಿವಿ ಸೇರಿತೋ.
ಇನ್ನೊಂದು ಅಪ್ಪನ ಮಿಲ್ಲಿನ ಹಿತ್ತಾಳೆ ಬಿಲ್ಲೆ,
ನಂಬರು ಸಾವಿರದ ನೂರಾ ನಲವತ್ತಮೂರು.
ಮೂರು ಮಾತ್ರ ಹೆಬ್ಬೆರಳಿಗೆ ಸವೆದು
ಬರೀ ಕೊಕ್ಕೆಯಾಗಿದೆ.

'ಡಬ್ಬಿಯೊಳಗೆ ರಾತ್ರಿಯೆಲ್ಲ ತಾಗಾಡ್ತಾವೆ ಕಣೋ,
ಎರಡೂ ಸೇರಿಸಿ ಒಂದು ಪದಕ ಮಾಡು.'
ಹಿತ್ತಾಳೆಗೆ ಚಿನ್ನ ಬೆಸೆದರೆ ಬಣ್ಣ ಕೆಡ್ತೈತೆ ಅಕ್ಕ, ಎಂದೆ.
'ಕೆಟ್ಟೂ ಕೆಟ್ಟೂ ನಲವತ್ತು ವರ್ಷ
ಸಂಸಾರ ಮಾಡಲಿಲ್ಲೇನೋ ಅವರು.'

ಚಿನ್ನದ ಕಾಯಿದೆ ಬಂದ ವರ್ಷ
ಅಪ್ಪನ ಊದುಗೊಳವೆ ಅಟ್ಟ ಸೇರಿತಂತೆ.
ಗುಲಗಂಜಿ ತೂಗುತ್ತಿದ್ದ ಕೈ ಹತ್ತಿಯ ಅಂಡಿಗೆ ಎತ್ತಿತು.
ನಾನು ಕಂಡ ಅಪ್ಪ ಸೈರನ್ನಿನ ಅಪ್ಪ:
ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋಗಿ
ಮೀಸೆಯ ತುಂಬ ಅರಳೆ ಹೊತ್ತು ಬರುವವನು,
ಬಚ್ಚಲಿಗೆ ಮುದುಕನಾಗಿ ಹೋಗಿ
ಹರೆಯದವನಾಗಿ ಹೊರಬರುವವನು.

ಮಿಲ್ಲು ಮುಚ್ಚಿದ ದಿನ
ಬಿಲ್ಲೆ ಒಪ್ಪಿಸಿ ಸಹಿ ಹಾಕಿ ಹೋಗಿ ಎಂದರು.
ಮೂರು ತಿಂಗಳ ಪಗಾರ ಬಾಕಿ.
ಯಾರ ಒಂದು ಕಾಸೂ ಮುಟ್ಟದವನು
ಅದನ್ನು ಎಲೆಯಡಿಕೆ ಚೀಲದಲ್ಲಿ ಕದ್ದು ತಂದ.
ಆ ರಾತ್ರಿ ಗೋಡೆಯಾಚೆ ಅವ್ವ ನಕ್ಕಿದ್ದು ಕೇಳಿಸಿತು:
'ಅಂತೂ ಅಕ್ಕಸಾಲಿ ಆದಿರಿ.'

ಅಟ್ಟದಿಂದ ಇಳಿಸಿದ್ದು ನಾನು, ಅದೇ ಊದುಗೊಳವೆ.
ಕಲಿಸಿದ್ದು ಸೋದರಮಾವ.

ಅಕ್ಕ ಎದುರಿಗೇ ಕೂತಳು, ನರ್ಗಿಸ್ ಮಂಡಕ್ಕಿಯ ಪೊಟ್ಟಣ ಬಿಚ್ಚಿ.
'ಬುಗುಡಿ ತೊಳೀಬೇಡ' ಎಂದಳು.
ಗೆಜ್ಜೆಯ ಸಂದಿಯಲ್ಲಿ ಕರ್ರಗೆ ಅವ್ವ ಇದ್ದಳು,
ಎಣ್ಣೆ, ಸೀಗೆಪುಡಿ, ಬೆವರು.
ಅಂಟುವಾಳದ ಬಟ್ಟಲು ಪಕ್ಕಕ್ಕೆ ಸರಿಸಿದೆ.
ಬೆಂಕಿಗೆ ಆ ದಾಕ್ಷಿಣ್ಯ ಇಲ್ಲ.
ಮೂಸೆಯಲ್ಲಿ ಚಿನ್ನ ಇನ್ನೂ ಕಣ್ಣು ಬಿಡುವ ಮೊದಲೇ
ಕೊಳೆ ಹೊತ್ತಿತು,
ಅಂಗಡಿಯ ತುಂಬ ಒಂದು ಉಸಿರಿನಷ್ಟು ಹರಳೆಣ್ಣೆ.
ಅಕ್ಕನ ಕೈಯ ಮಂಡಕ್ಕಿ ಬಾಯಿಯ ಹತ್ತಿರ ನಿಂತಿತು.
ನಾನೂ ಊದಲಿಲ್ಲ.

ಬೆಸುಗೆ ಹಾಕಲಿಲ್ಲ. ತಂತಿ ಎಳೆದೆ,
ಬಿಲ್ಲೆಯ ಸುತ್ತ ಚಿನ್ನದ ಕಟ್ಟು ಕಟ್ಟಿದೆ,
ಹಿಡಿದೂ ಹಿಡಿಯದ ಹಾಗೆ. ಮೊಳೆಯ ತೂತಿಗೆ ಸರಪಳಿ.
ಅರದ ಪುಡಿ ಕೂಡ ಕಾಗದಕ್ಕೆ ಬಳಿದು
ತಕ್ಕಡಿಯನ್ನು ಅವಳ ಕಡೆ ತಿರುಗಿಸಿಟ್ಟೆ.
ಉರುಳಿಹೋದ ಕಣವೇನಾದರೂ ಇದ್ದರೆ
ಬೆಳಗಿನ ಜಾವ ಮೋರಿಯ ಮಣ್ಣು ಗಾಲಿಸುವ
ಜಾಲಗಾರರ ಮಾಬೂಬಿಯ ಬಾಣಲೆಗೆ,
ಅದು ಅವಳ ಋಣ.

ಅಕ್ಕ ಕೊರಳಿಗೆ ಹಾಕಿಕೊಂಡು
ಹೆಬ್ಬೆರಳಿನಿಂದ ಮೂರನ್ನು ತಡವಿದಳು.
ಸವೆಸುವವರು ಬದಲಾದರು, ಅಷ್ಟೆ.
'ಏನೂ ಕದೀಲಿಲ್ಲೇನೋ?
ಅಪ್ಪನ ಮಗ ಅಲ್ಲೇನೋ ನೀನು?'
ನಕ್ಕು, ಗಾದೆಯನ್ನು ತುಳಿದು ಇಳಿದುಹೋದಳು.

ಹೇಳಲಿಲ್ಲ ಅವಳಿಗೆ.
ಕೈಗೆ ಬಂದದ್ದನ್ನೆಲ್ಲ ಒರೆಗಲ್ಲಿಗೆ ಉಜ್ಜುವ ಅಭ್ಯಾಸ ನನಗೆ.
ಬಿಲ್ಲೆಯ ಅಂಚನ್ನೂ ಉಜ್ಜಿದ್ದೆ.
ಕರಿಕಲ್ಲಿನ ಮೇಲೆ ಹಳದಿ ಗೆರೆ,
ಒಂದು ಹನಿ ಆಸಿಡ್ಡಿಗೆ ನೊರೆಯಾಗಿ ಹೋಗುವಂಥದು.
ಸೀಸೆಯ ಬಿರಡೆ ತೆಗೆದೆ, ಮತ್ತೆ ಹಾಕಿದೆ.

ಈಗ ಊರಿನವರ ಚಿನ್ನವನ್ನೆಲ್ಲ
ಆ ಗೆರೆ ತಪ್ಪಿಸಿ ಉಜ್ಜುತ್ತೇನೆ.
ನಿನ್ನೆ ಒಬ್ಬ ಗಿರಾಕಿ ಬೆರಳಿಟ್ಟು ಕೇಳಿದ,
ಇದು ಎಷ್ಟು ಕ್ಯಾರೆಟ್ಟಿಂದು?

ಇನ್ನೂ ನೋಡಿಲ್ಲ, ಎಂದೆ.