ಮಂಗಳವಾರದ ಉಗುರುಗಳು

ಕ್ಲೈಪೇಡಾದ ಬಂದರಿನ ಹಿಂದೆ, ಬಾಲ್ಟಿಕ್ ಗಾಳಿ
ಮೂಳೆಮೂಳೆಯನ್ನೂ ಹೆಸರು ಹಿಡಿದು ಕೂಗುವ ಬೀದಿಯಲ್ಲಿ
ನಮ್ಮ ಚರ್ಚು. ಅದರ ಬೀಗದ ಕೈ ನನ್ನದು,
ಹತ್ತೊಂಬತ್ತು ವರ್ಷದಿಂದ.
ಮೇಣದ ಲೆಕ್ಕ, ಗಂಟೆಯ ಹಗ್ಗ,
ಕಾಣಿಕೆ ಪೆಟ್ಟಿಗೆಯಲ್ಲಿ ಸಿಗುವ ಕೋಟಿನ ಗುಂಡಿ, ಎಲ್ಲ ನನ್ನ ಸುಪರ್ದಿ.

ಗೆನೊವೈತೆ ಬಂದು ಕೇಳಿದಳು,
ಮಂಗಳವಾರ ಮಧ್ಯಾಹ್ನ ನೆಲಮಾಳಿಗೆ ಖಾಲಿ ಇರುತ್ತದಲ್ಲ?
ನಿವೃತ್ತ ನರ್ಸು. ಎಪ್ಪತ್ತೊಂದು. ಕಂಕುಳಲ್ಲಿ ಎರಡು ತಗಡಿನ ಬೋಗುಣಿ,
ಚೀಲದಲ್ಲಿ ಇಕ್ಕಳದಂಥ ಕತ್ತರಿ.
"ಏನಕ್ಕೆ?" "ಉಗುರು ತೆಗೆಯೋದಕ್ಕೆ."
"ಯಾರದು?" ಅವಳು ಕಿಟಕಿಯ ಕಡೆ ನೋಡಿದಳು.
ಮೀನು ಮಾರುಕಟ್ಟೆಯ ಗೋಡೆಗೆ ಒರಗಿದ್ದ ಮೂವರು
ನನಗೂ ಕಂಡರು. ಕಂಡರು ಅಂತ
ಈಗ ಹೇಳುತ್ತಿದ್ದೇನೆ. ಆಗ ಕಂಡದ್ದು ಗೋಡೆ.

ಸೂಪು ಕೊಡುವವರಿದ್ದಾರೆ, ಅಂದಳು, ಕಂಬಳಿ ಕೊಡುವವರಿದ್ದಾರೆ,
ಒಳ್ಳೆಯದೇ. ಆದರೆ ಉಗುರು ಬೆಳೆಯುತ್ತಲೇ ಇರುತ್ತದೆ
ಹೇಳುವವರು ಕೇಳುವವರು ಇಲ್ಲದೆ,
ಬೂಟಿನೊಳಗೇ ಮಡಚಿಕೊಂಡು
ತನ್ನ ಬೆರಳನ್ನೇ ತಿರುಗಿ ತಿನ್ನುತ್ತದೆ.

ವಾಸನೆಯ ಬಗ್ಗೆ ಹೇಳಬೇಕು. ಹೇಳದಿದ್ದರೆ ಸುಳ್ಳಾಗುತ್ತದೆ.
ಮೊದಲ ಮಂಗಳವಾರ ನಾನು ಧೂಪದ ಬಟ್ಟಲು ತಂದು
ಕೆಳಗಿನ ಮೆಟ್ಟಿಲಲ್ಲಿ ಇಟ್ಟೆ. ಅವಳು ಏನೂ ಅನ್ನದೆ
ಒಂದು ಮೆಟ್ಟಿಲು ಮೇಲಕ್ಕೆ ಸರಿಸಿದಳು,
ಮತ್ತೊಂದು, ಮತ್ತೊಂದು, ಕೊನೆಗೆ ನನ್ನ ಕೈಗೆ.

ಮುರಿದ ಕುರ್ಚಿಗಳ ಸಂದಿಯಲ್ಲಿ ಒಂದು ಶಿಲುಬೆ ಇತ್ತು,
ಯೇಸುವಿನ ಪಾದದ ಗಾರೆ ಉದುರಿದ್ದು.
ದುರಸ್ತಿಗೆಂದು ನಾನೇ ಇಳಿಸಿ, ಮರೆತಿದ್ದೆ.
ಅವಳು ಅದರ ಧೂಳು ಒರೆಸಿ ಗೋಡೆಗೆ ಆನಿಸಿದಳು,
ಸರದಿಗೆ ಕಾಯುವವರ ಸಾಲಿನಲ್ಲಿ.

ಜೆನೋನಾಸ್ ನಾಲ್ಕು ವಾರ ಬಂದ, ಕೂತ, ಚಹಾ ಕುಡಿದ.
ಬೂಟು ಬಿಚ್ಚಲಿಲ್ಲ.
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನಂತೆ, ಒಂದು ಕಾಲದಲ್ಲಿ.
ಅವಳು ಅವನೆದುರು ಮಣೆ ಎಳೆದುಕೊಂಡು
ತನ್ನ ಪಾಡಿಗೆ ಟವೆಲು ಮಡಚುವಳು, ಬಿಚ್ಚುವಳು, ಮಡಚುವಳು.
ಐದನೇ ವಾರ ಒಂದು ಬೂಟು. ಆರನೆಯದಕ್ಕೆ ಇನ್ನೊಂದು.
ಎರಡು ಬೆರಳು ಇರಲಿಲ್ಲ, ಯಾವುದೋ ಚಳಿಗಾಲ ಕೊಂಡೊಯ್ದಿತ್ತು.
ಅವನು ಮುಖ ತಿರುಗಿಸಿದ. ಅವಳು ಗಟ್ಟಿಯಾಗಿ ಎಣಿಸಿದಳು:
"ಎಂಟು. ಇವತ್ತು ನನಗೆ ಕೆಲಸ ಕಡಿಮೆ."
ಅವನು ನಕ್ಕದ್ದು, ತುಕ್ಕು ಹಿಡಿದ ಬಾಗಿಲನ್ನು
ಒಳಗಿನಿಂದ ಯಾರೋ ದೂಡಿದ ಹಾಗೆ.

ಪವಿತ್ರ ಗುರುವಾರ, ಮೇಲೆ, ಬಲಿಪೀಠದ ಮುಂದೆ
ಹನ್ನೆರಡು ಕುರ್ಚಿ ಹಾಕಿದವನು ನಾನೇ.
ಔಷಧಿ ಅಂಗಡಿಯವರು, ಬ್ಯಾಂಕಿನವರು, ಆರ್ಗನ್ ನುಡಿಸುವವರು,
ಮನೆಯಲ್ಲೇ ಸೋಪು ಹಚ್ಚಿ ತಿಕ್ಕಿಕೊಂಡು ಬಂದ ಪಾದಗಳು.
ಪಾದ್ರಿಗಳು ಬೆಳ್ಳಿ ಹೂಜಿಯಿಂದ ನೀರೆರೆದರು.
ತೊಳೆದ ನೀರು ತೊಳೆಯುವ ಮುಂಚಿನಷ್ಟೇ ತಿಳಿ.
ತಪ್ಪು ಹುಡುಕುತ್ತಿಲ್ಲ.
ಹಿತ್ತಲಿಗೆ ಒಯ್ದು ಚೆಲ್ಲಿದೆ, ಮಂಗಳವಾರದ ನೀರು ಚೆಲ್ಲುವಲ್ಲೇ.
ನೆಲಕ್ಕೆ ವ್ಯತ್ಯಾಸ ತಿಳಿಯಿತೋ ಇಲ್ಲವೋ.
ನನಗೆ ತಿಳಿಯಿತು.

ಮೇ ತಿಂಗಳಲ್ಲಿ ಗೆನೊವೈತೆ ಕುಂಟುತ್ತಿದ್ದಳು.
ಕಾಲಿಗೇನು ಅಂದರೆ, ಏನಿಲ್ಲ.
ಬೆನ್ನು ಮೊದಲಿನ ಹಾಗೆ ಬಗ್ಗುವುದಿಲ್ಲ.
ಕೈ ಬೇರೆಯವರ ಪಾದದ ತನಕ ಹೋಗುತ್ತದೆ,
ತನ್ನದರ ತನಕ ಹೋಗುವುದಿಲ್ಲ.

ಎಲ್ಲರೂ ಹೋದರು ಅಂದುಕೊಂಡು
ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು
ಮೊಣಕಾಲೂರಿದೆ. ಹತ್ತೊಂಬತ್ತು ವರ್ಷ ಊರಿದ ಮೊಣಕಾಲೇ,
ಮೇಲೆ ಮೆತ್ತೆ ಇತ್ತು. ಇಲ್ಲಿ ಸಿಮೆಂಟು.
ಕೈ ನಡುಗಿತು. ಅವಳ ಹೆಬ್ಬೆರಳಲ್ಲಿ ಚೂರು ರಕ್ತ.
"ನೇರ ಕತ್ತರಿಸು," ಅಂದಳು, "ಮೂಲೆಗೆ ಇಳಿಯಬೇಡ.
ಅಳಬೇಡ, ಕಣ್ಣು ಕಾಣಿಸಲ್ಲ."

ಮೆಟ್ಟಿಲಲ್ಲಿ ಎರಡನೇ ಲೋಟ ಮುಗಿಸುತ್ತಿದ್ದ ಜೆನೋನಾಸ್
ಎದ್ದು ಬಂದು, ಏನೂ ಕೇಳದೆ,
ದೀಪ ಕೆಳಗಿಳಿಸಿ ಹಿಡಿದ.
ಬೆಸುಗೆಯವನ ಕೈ.
ಅಲುಗಲಿಲ್ಲ.