ಹಿಂದಕ್ಕೆ, ಇನ್ನೂ ಸ್ವಲ್ಪ

ಮೂವತ್ತೇಳನೇ ನಂಬರಿನ ಜಾಗ ನಮ್ಮದು.
ಎರಡು ಪೈನ್ ಮರ, ಪಕ್ಕದಲ್ಲೊಂದು ಗೂಟ,
ಗೂಟಕ್ಕೆ ಕರೆಂಟಿನ ಡಬ್ಬಿ, ಡಬ್ಬಿಯೊಳಗೆ ಜೇಡನ ಸಂಸಾರ.
ಆ ಎರಡು ಮರಗಳ ಸಂದಿಗೆ
ಇಪ್ಪತ್ತೆರಡು ಅಡಿಯ ಟ್ರೇಲರನ್ನು
ಹಿಂದುಹಿಂದಾಗಿ ತೂರಿಸಬೇಕು.

ಹೋದ ವರ್ಷದವರೆಗೆ ಇದು ಅಪ್ಪನ ಕೆಲಸ.
ಒಂದು ಕೈ ಸ್ಟೀರಿಂಗಿನ ತಳದಲ್ಲಿ, ಇನ್ನೊಂದರಲ್ಲಿ ಕಾಫಿ,
ರೇಡಿಯೋದಲ್ಲಿ ಬೇಸ್‌ಬಾಲ್.
ಅಮ್ಮ ಹಿಂದೆ ನಿಂತು ಎರಡೂ ಕೈ ಬೀಸುವಳು.
ಅಪ್ಪ ನೋಡುತ್ತಲೇ ಇರಲಿಲ್ಲ. ಆದರೂ ಬೀಸುವಳು.

ಫೆಬ್ರವರಿಯಲ್ಲಿ, ಗ್ಯಾರೇಜಿನ ಮುಂದೆ ಹಿಮ ಗೋರುತ್ತಿದ್ದಾಗ,
ಅವನ ಬಲಗೈ ಅವನನ್ನು ಬಿಟ್ಟು ಹೋಯಿತು,
ಜೊತೆಗೆ ಒಂದಿಷ್ಟು ಮಾತನ್ನೂ ಎತ್ತಿಕೊಂಡು.
'ಉಪ್ಪು' ಹೋಯಿತು. 'ಮಂಗಳವಾರ' ಹೋಯಿತು.
ಲಿನ್ನಿಯಾ ಎಂಬ ನನ್ನ ಹೆಸರು ಹೋಗಿ, ಏಪ್ರಿಲಿನಲ್ಲಿ ತಿರುಗಿ ಬಂತು.
ತಮ್ಮ ಡೆಲ್ಬರ್ಟನದು ಇನ್ನೂ ದಾರಿಯಲ್ಲಿದೆ.

ಈಗ ಅಮ್ಮ ಸ್ಟೀರಿಂಗಿನ ಹಿಂದೆ,
ಅಪ್ಪ ಟ್ರೇಲರಿನ ಹಿಂದೆ.

ಟ್ರೇಲರಿನದು ತಲೆಕೆಳಗು ಬುದ್ಧಿ:
ಬಾಲ ಎಡಕ್ಕೆ ಹೋಗಬೇಕೆಂದರೆ
ಚಕ್ರವನ್ನು ಬಲಕ್ಕೆ ತಿರುಗಿಸಬೇಕು.
ಇದನ್ನು ಅಮ್ಮ ಚರ್ಚಿನ ಖಾಲಿ ಅಂಗಳದಲ್ಲಿ
ಎರಡು ಶನಿವಾರ ಕಲಿತಿದ್ದಳು,
ಮರಗಳ ಬದಲಿಗೆ ನಮ್ಮ ಮರಳಾಟದ ಬಕೆಟ್ಟು ಇಟ್ಟು.
ಮೂರು ಬಕೆಟ್ಟು ಸತ್ತವು.

"ಎಡ" ಎಂದ ಅಪ್ಪ. ಎಡಗೈ ಎದ್ದಿತು.
ಬಲಕ್ಕೂ ಎಡಗೈಯೇ ಎದ್ದಿತು, ಏಳುವುದು ಅದೊಂದೇ.
ಬಾಯಿ 'ಬಲ'ಕ್ಕಾಗಿ ತಡಕಾಡಿ, ತಡಕಾಡಿ,
ಮತ್ತೆ 'ಎಡ'ಕ್ಕೇ ಎಡವಿತು.
ಅಮ್ಮ ಕನ್ನಡಿಯಲ್ಲಿ ಕಂಡದ್ದನ್ನು ನಂಬಿದಳು.
ಪೈನ್ ಮರದ ತೊಗಟೆ ಕಿತ್ತು ಬಂತು,
ಹಿಂದಿನ ದೀಪದ ಗಾಜೂ.

ಎರಡನೇ ಸಲ. ಮೂರನೇ ಸಲ.
ರಸ್ತೆಯಲ್ಲಿ ನಾಲ್ಕು ಕಾರು ಕಾದು ನಿಂತವು,
ಹಾರ್ನ್ ಮಾಡಲಿಲ್ಲ. ಅದೇ ಹಿಂಸೆ.
ಮೂವತ್ತೆಂಟನೇ ಜಾಗದ ಮುದುಕ ಹಾಲ್ವರ್ಸನ್
ಮಡಚುಕುರ್ಚಿಯಿಂದ ಎದ್ದು ಬಂದ: "ನಾನು ಹಾಕಿಕೊಡಲಾ?"
"ಬೇಡ" ಎಂದಳು ಅಮ್ಮ.
ಅಷ್ಟು ಚಿಕ್ಕ ಮಾತಿಗೆ ಅವನ ನಾಯಿ ಕೂಡ ಹಿಂದೆ ಸರಿಯಿತು.

ಆಮೇಲೆ ಅಪ್ಪ ಟ್ರೇಲರಿನ ಪಕ್ಕಕ್ಕೆ ಬಂದ.
ಕುದುರೆಯ ಪಕ್ಕೆಗೆ ಇಡುವಂತೆ ತಗಡಿಗೆ ಅಂಗೈ ಇಟ್ಟ.
ತಟ್ಟಿದ.
ಅಮ್ಮ ರೇಡಿಯೋ ಆರಿಸಿದಳು, ಕಿಟಕಿ ಇಳಿಸಿದಳು.
ತಟ್ಟಿದ ಕಡೆಯಿಂದ ಬಾಲ ಆಚೆ ಸರಿಯಬೇಕು,
ಹೀಗೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.
ಈ ಗೋಡೆಯಿಂದ ಆ ಗೋಡೆಗೆ
ಅವನು ಕಾಲೆಳೆದುಕೊಂಡು ಸುತ್ತಿ ಬರುವ ತನಕ
ಉಳಿದೊಂದು ಬ್ರೇಕ್ ದೀಪ ಕೆಂಪಗೆ ಕಾಯಿತು.
ತಟ್. ಒಂದಡಿ.
ತಟ್ ತಟ್. ಅರ್ಧ ಅಡಿ.
ಡೆಲ್ಬರ್ಟ್ ಉಸಿರು ಬಿಗಿಹಿಡಿದು ನನ್ನ ತೋಳು ಚಿವುಟುತ್ತಲೇ ಇದ್ದ.

ಟ್ರೇಲರ್ ಸೊಟ್ಟಗೇ ನಿಂತಿತು.
ಮಟ್ಟಗೋಲಿನ ಗುಳ್ಳೆ ಒಂದು ಮೂಲೆ ಸೇರಿ ಕೂತಿತು,
ಮರದ ತುಂಡು ಎಷ್ಟು ಕೊಟ್ಟರೂ ಬರಲೊಲ್ಲದು.
ಬಾಗಿಲು ತಾನೇ ತೆರೆಯುತ್ತಿತ್ತು. ಹಗ್ಗ ಕಟ್ಟಿದೆವು.
ಮುಚ್ಚಿದ ಬಟಾಣಿ ಡಬ್ಬಿ ರಾತ್ರಿಯಿಡೀ
ಅತ್ತಿಂದಿತ್ತ ಉರುಳುತ್ತ ನಮ್ಮ ಜೊತೆ ಮಲಗಿತು.

ಆದರೆ ಅದಕ್ಕೂ ಮೊದಲು, ಬೆಂಕಿಯ ಹತ್ತಿರ,
ಅಮ್ಮನ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು.
ಅಪ್ಪ ಅದರೊಳಗೆ ತನ್ನ ಕಾಫಿ ಲೋಟ ಇಟ್ಟ.
ನಡುಗಿ ನಡುಗಿ ಕಾಫಿ ಚೆಲ್ಲಿತು, ಇಬ್ಬರೂ ನೋಡುತ್ತಿದ್ದರು.

ಆಗಲೇ ಮೇಜಿನ ಮೇಲೆ ಒಂದು ರಕೂನ್.
ಬನ್ನಿನ ಪೊಟ್ಟಣಕ್ಕೆ ಎರಡೂ ಕೈ ಹಾಕಿತ್ತು.
ಅಪ್ಪ ಎದ್ದ, ಎಡಗೈ ಎತ್ತಿದ, ಕೂಗಿದ:
"ಮಂಗಳವಾರ!"

ಅಂದು ಶುಕ್ರವಾರ.
ರಕೂನ್ ಅವನನ್ನು ಗಮನವಿಟ್ಟು ನೋಡಿತು.
ಪೊಟ್ಟಣ ಬಿಡದೆ, ಅವಸರ ಮಾಡದೆ,
ಮೇಜಿನಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ,
ಎರಡು ಪೈನ್ ಮರಗಳ ನಡುವೆ
ಹಿಂದುಹಿಂದಾಗಿಯೇ ಪೊದೆ ಹೊಕ್ಕಿತು,
ಒಂದೇ ಸಲಕ್ಕೆ.